ನಡುಗಡ್ಡೆಯ ಲೆಕ್ಕ

ಗಂಜಾಮಿನಲ್ಲಿ ನಿಪ್ಪಟ್ಟು ಕರಿಯುವವಳು ನಾನು.
ಮಲೇಶಿಯಾ ಯಾವ ದಿಕ್ಕಿಗಿದೆಯೋ ಗೊತ್ತಿಲ್ಲ,
ಅಲ್ಲಿಯ ಎಣ್ಣೆ ಮಾತ್ರ
ದಿನಾ ನನ್ನ ಬಾಣಲೆಯಲ್ಲಿ ಚುರುಗುಟ್ಟುತ್ತದೆ.

ಹಡಗಿನ ಮಾಲಿಗೆ ಸುಂಕ ಏರಿತಂತೆ.
ಕರೀಘಟ್ಟ ಹತ್ತಿ ನೋಡಿದರೂ ಹಡಗು ಕಾಣದು,
ಹರಿಗೋಲಿಗಿಂತ ದೊಡ್ಡದು
ಈ ಹೊಳೆಗೆ ಬಂದದ್ದೇ ಇಲ್ಲ.
ಆದರೂ ಬದರೀನಾಥ ಶೆಟ್ಟರು
ಡಬ್ಬದ ಹಳೇ ಚೀಟಿಯ ಮೇಲೆ ಹೊಸದು ಅಂಟಿಸುತ್ತ
"ಮೇಲಿಂದಲೇ ಬಂದದ್ದಮ್ಮ" ಅಂದರು,
ಆಲಿಕಲ್ಲಿನ ಮಾತಾಡುವವರ ಹಾಗೆ.

ಡೀಸೆಲ್ಲಿನ ನೆಪ ಹೇಳಿ
ಲಗೇಜ್ ಆಟೋದ ಸಿದ್ದಪ್ಪಾಜಿ
ಸೇತುವೆ ದಾಟಿಸಿದ ಮೂಟೆಗೆ ಐದು ರೂಪಾಯಿ ಜಾಸ್ತಿ ಕೇಳಿ
ಮುಖ ಆ ಕಡೆ ತಿರುಗಿಸಿ ನಿಂತ.
ಅವನ ಹಿತ್ತಲೂ ನಮ್ಮ ಹಿತ್ತಲೂ ಒಂದೇ ಬೇಲಿ.
ಕೊಟ್ಟೆ.

ನಾನು ಏರಿಸಲಾರೆ.
ಹತ್ತಕ್ಕೆ ಮೂರು ಅನ್ನುವುದು
ಶಾಲೆ ಮಕ್ಕಳಿಗೆ ಮಗ್ಗಿಯಂತೆ ಬಾಯಿಗೆ ಬಂದುಬಿಟ್ಟಿದೆ.
ತಟ್ಟುವ ಅಂಗೈಯನ್ನೇ ಚಿಕ್ಕದು ಮಾಡಿಕೊಂಡೆ.
ಮೊದಲು ಗುರುತಿಸಿದವಳು ನನ್ನ ಮಗಳೇ,
ಒಂದನ್ನು ಹಗಲಿಗೆ ಹಿಡಿದು ನೋಡಿ
ಏನೂ ಅನ್ನದೆ ತಿಂದಳು.

ರಾತ್ರಿ ಅವಳು ಗಟ್ಟಿಯಾಗಿ ಓದುತ್ತಾಳೆ:
ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ
ಭೂಭಾಗಕ್ಕೆ ದ್ವೀಪ ಎನ್ನುವರು.
ಕ್ಯಾಲೆಂಡರಿನ ಬೆನ್ನಿಗೆ ಕೂಡುತ್ತಿದ್ದವಳು
ಪುರಸಭೆಯ ಚೀಟಿ ಹುಡುಕಿ ತೆಗೆದೆ:
ನೀರಿನ ಕಂದಾಯ, ಮೂರು ತಿಂಗಳ ಬಾಕಿ.

"ನಾವು ದ್ವೀಪದವರೇನಮ್ಮ?"
"ಹೂಂ ಕಣೆ, ಮಲಗು."

ಹೊಳೆಯ ಸದ್ದಿನಲ್ಲಿ ಎಣ್ಣೆ ಸೋಸುತ್ತೇನೆ.
ಕಪ್ಪಗಾಗಿದೆ.
ನಾಳೆಗೂ ಬರಬೇಕು.
ಇದನ್ನಿನ್ನೂ ಅವಳು ನೋಡಿಲ್ಲ.