ಎರಡು ಬೆರಳು ಸಂದು

ಟೇಪಿನ ನಾಲಿಗೆಯನ್ನು ಗೋಡೆಮೂಲೆಗೆ ಕಚ್ಚಿಸಿ
ನಿಂತೇ ಅಳೆಯುತ್ತಿದ್ದೆ.
‘ಕೂತ್ಕೊಂಡು ಅಳತೆ ತಗೊಳಪ್ಪ,’ ಅಂದರು ಅಕ್ಕಯ್ಯಮ್ಮ,
‘ನೋಡೋಳು ನಾನು. ನಾನು ಕೂತಿರ್ತೀನಿ.’

ಕೂತೆ. ಪ್ಲಾಸ್ಟಿಕ್ ಕುರ್ಚಿಯಿಂದ ನೋಡಿದರೆ
ನಾನು ಗೀಚಿಕೊಂಡಿದ್ದ ಸ್ಟೀಲಿನ ಹಿಡಿಗಂಬಿ
ಎದುರು ಬೆಟ್ಟದ ಕುತ್ತಿಗೆಗೇ ಸರಿಯಾಗಿ ಬರುತ್ತಿತ್ತು.
ಹೊಡೆದುಹಾಕಿದೆ.
ಕಂಬಿಯಿಲ್ಲದ ಮೇಲೆ ಗಾಜು ದಪ್ಪ ಬೇಕು, ಎರಡು ಪದರ,
ನಡುವೆ ಅಂಟಿನ ಹಾಳೆ. ಒಡೆದರೂ ಉದುರಬಾರದು.
ಜಗಲಿಯಿಂದ ತೋಟಕ್ಕೆ ನಾಲ್ಕಡಿ ಇಳಿವು,
ಕೆಳಗೆ ಕನಕಾಂಬರದ ಮಡಿ, ಅದರಾಚೆ ಹಿಪ್ಪುನೇರಳೆ.

ಬ್ಯಾಗಿನಿಂದ ಸ್ಯಾಂಪಲ್ ತೆಗೆದು ಮೆಟ್ಟಿಲ ಮೇಲಿಟ್ಟೆ:
ಕಾಫಿ ಬಣ್ಣದ್ದು, ನವಿಲು ಕೆತ್ತಿದ್ದು,
ಶಿಡ್ಲಘಟ್ಟದಲ್ಲಿ ಎಲ್ಲರೂ ಕೇಳುವ ಮಂಜುಗಾಜು,
ಒಳಗಿನದನ್ನು ಬೀದಿಗೆ ತೋರಿಸದ್ದು.
ಮಂಜುಗಾಜನ್ನು ಹಿಡಿದು ನೋಡಿ ಪಕ್ಕಕ್ಕಿಟ್ಟರು.
‘ಮೂವತ್ತೊಂದು ವರ್ಷ ಬಾಣಲೆ ಹಬೆಯೊಳಗೆ ನೋಡಿದೀನಿ.
ಎದುರು ಬಾಣಲೆ ನಾಗವೇಣಿ ಮುಖ
ನನಗೆ ಕಾಣ್ತಿದ್ದದ್ದೇ ಸಂಜೆ ಐದೂವರೆಗೆ.
ಈಗ ದುಡ್ಡು ಕೊಟ್ಟು ಹಬೆ ತಗೊಂತೀನಾ?’

ತೀರಾ ತಿಳಿಯಾದದ್ದು ಒಂದಿದೆ, ರೇಟು ಒಂದೂವರೆ ಪಟ್ಟು, ಅಂದೆ.
ಅವರು ಸಾದಾ ಗಾಜಿನ ಅಂಚನ್ನು ಬಿಸಿಲಿಗೆ ಹಿಡಿದರು.
ಎದುರಿಂದ ಏನೂ ಇಲ್ಲ. ಅಂಚಲ್ಲಿ ಮಾತ್ರ ಹಸಿರು,
ಎಳೆ ಸೊಪ್ಪಿನ ಹಸಿರು,
ಎರಡನೇ ಜ್ವರ ಕಳೆದ ಹುಳಕ್ಕೆ ಹೆಚ್ಚಿ ಹಾಕುವಂಥದ್ದು.
‘ಇದೇ ಇರಲಿ. ಹೆಚ್ಚಿನ ದುಡ್ಡು ನನ್ನ ಹತ್ರಾನೇ ಇರಲಿ.’

ಗಾಜಿನ ವಿಷಯ ಒಂದು ಹೇಳಬೇಕು.
ಹೊಸಕೋಟೆಯ ಭಟ್ಟಿಗೆ ಹೋಗುವ ತನಕ
ಅದು ಕತ್ತರಿಸಿಕೊಳ್ಳುತ್ತದೆ, ತೂತು ಹಾಕಿಸಿಕೊಳ್ಳುತ್ತದೆ, ಹೇಳಿದ ಮಾತು ಕೇಳುತ್ತದೆ.
ಆರುನೂರು ಡಿಗ್ರಿ ಕಂಡು, ತಣ್ಣನೆ ಗಾಳಿಗೆ ಮೈಯೊಡ್ಡಿ ಬಂದ ಮೇಲೆ
ಒಂದು ಕೂದಲೆಳೆ ಕಮ್ಮಿಯಾಗು ಅಂದರೂ
ಇಡಿಯಾಗಿ ಸಾಯುತ್ತದೆ, ಕಲ್ಲುಸಕ್ಕರೆಯಾಗಿ.
ಅದಕ್ಕೇ ನಮ್ಮಲ್ಲೊಂದು ಮಾತು: ಮೂರು ಸಲ ಅಳೆ, ಒಂದು ಸಲ ಬರೆ.

ನಾನು ಎರಡೇ ಸಲ ಅಳೆದಿದ್ದೆ.
ಎರಡು ಸಲವೂ ಬುಡದಲ್ಲಿ.

ಹದಿನೆಂಟನೇ ದಿನ ಗಾಡಿ ಬಂತು. ಅಷ್ಟರೊಳಗೆ
ಸಾದಹಳ್ಳಿ ಚಪ್ಪಡಿಯಲ್ಲಿ ಹನ್ನೆರಡು ಕುಳಿ ಕೊರೆದಿದ್ದೆವು;
ಬಿಟ್ಟು ಕಾಯದಂತೆ ಚೊಂಬು ಹಿಡಿದು
ನೀರು ಹುಯ್ಯುತ್ತ ನಿಂತವರು ಅಕ್ಕಯ್ಯಮ್ಮನೇ.
ಮಳೆನೀರು ಹರಿಯಲೆಂದು ನೆಲಕ್ಕೆ ಇಳಿಜಾರು,
ಗಾಜಿಗೆ ಅದು ಗೊತ್ತಿಲ್ಲ.
ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ
ಕ್ಲಾಂಪಿನೊಳಗೆ ರಬ್ಬರು ಇಟ್ಟೆವು, ತೆಗೆದೆವು, ಇಟ್ಟೆವು.
ಐದು ಹಲಗೆ ಕೂತವು.
ಆರನೆಯದು ಬುಡದಲ್ಲಿ ಗೋಡೆಗೆ ತಾಕಿ ತಾಕದೆ,
ಮೇಲೇರುತ್ತ ಮುನಿಸಿಕೊಂಡು
ತುದಿಯಲ್ಲಿ ಎರಡು ಬೆರಳು ದೂರ ನಿಂತಿತು.
ಗೋಡೆ ಓರೆ. ಗಾಜು ನೇರ. ತಪ್ಪು ನನ್ನದು.

‘ಬೇರೆ ಮಾಡಿಸ್ತೀನಮ್ಮ, ನನ್ನ ಖರ್ಚು.’
ಅವರು ಸಂದಿಗೆ ಬೆರಳಿಟ್ಟು ನೋಡಿದರು,
ಗೂಡಿನಲ್ಲಿ ಎಳೆಯ ತುದಿ ಹುಡುಕುವವರ ಹಾಗೆ.
‘ಮಗು ತೂರೋಲ್ಲ. ಬೆಕ್ಕೂ ತೂರೋಲ್ಲ. ಗಾಳಿ ಬಂದ್ರೆ ಬರಲಿ.
ಎರಡು ಸಾವಿರ ಹಿಡ್ಕೊಂತೀನಿ.’
ಸಾವಿರದೈನೂರಕ್ಕೆ ನಿಂತಿತು.

ಕೊನೆಗೆ ಹಳೇ ಪೇಪರು, ವಿನಿಗರ್.
ಒರೆಸಿದ ಹಾಗೆಲ್ಲ ಗಾಜು ಇಲ್ಲವಾಯಿತು, ಬೆಟ್ಟ ಬಂತು.
ಇದೆಯೋ ಇಲ್ಲವೋ ಅಂತ ಅವರು ಬಲಗೈ ಊರಿದರು.
ತೆಗೆದಾಗ ಐದು ಮಸುಕು ಬೊಟ್ಟು.
ಒಂದರಲ್ಲೂ ಗೆರೆಯಿಲ್ಲ. ಕುದಿನೀರು ತಿಂದಿತ್ತು.
‘ರೇಷನ್ ಅಂಗಡಿ ಮಿಷನ್ನೂ ನನ್ನ ನಂಬಲ್ಲ ಕಣಪ್ಪ,’
ಅಂದು ನಕ್ಕರು.

ಚಲಪತಿ ಬಟ್ಟೆ ಎತ್ತಿಕೊಂಡ.
ನಾನು ಅವನಿಗೆ
ಹೋಗಿ ಏಣಿ ಗಾಡಿಗೆ ಹಾಕು ಅಂದೆ.