ಕಟುಕ ಎರಡು, ಕ್ಷೌರಿಕ ಒಂದು

ಸೋಹಾರ್ ಬಂದರಿನ ಹಿಂದೆ, ಎಸಿ ತೊಟ್ಟಿಕ್ಕುವ ಆಫೀಸಿನಲ್ಲಿ
ಬರುವ ವರ್ಷದ ಆಳಿನ ಲೆಕ್ಕ ಬರೆಯುತ್ತಿದ್ದೇನೆ.
'ಬೇಕು' ಎಂಬ ಸಾಲಿನಲ್ಲಿ: ಕ್ರೇನ್ ಆಪರೇಟರ್ ಮೂರು, ರಿಗ್ಗರ್ ಎಂಟು,
ಪೈಪಿನಡಿ ಮಲಗಿಯೂ ನೇರ ಬೆಸೆಯಬಲ್ಲ ವೆಲ್ಡರ್ ನಾಲ್ಕು.
'ಇದೆ' ಎಂಬ ಸಾಲಿನಲ್ಲಿ,
ಮಂದೂಬ್ ಸುಲೈಯಮ್ ಬೆಳಿಗ್ಗೆ ತಂದಿಟ್ಟ ಕಾಗದದ ಪ್ರಕಾರ,
ವೀಸಾ ಮೂರು:
ಕಟುಕ ಎರಡು, ಕ್ಷೌರಿಕ ಒಂದು.

ಅರ್ಬಾಬನಿಗೆ ಹಿಂದೊಮ್ಮೆ ಮಾಂಸದ ಅಂಗಡಿಯಿತ್ತು,
ಅದಕ್ಕೆ ಅಂಟಿಕೊಂಡು ಎರಡು ಕುರ್ಚಿಯ ಸಲೂನು.
ಅಂಗಡಿ ಮುಚ್ಚಿತು. ಕಾಗದ ಮುಚ್ಚಲಿಲ್ಲ.
ಇಲ್ಲಿ ಕಾಗದವೂ ಖರ್ಜೂರದ ಹಾಗೆ,
ಒಣಗಿದಷ್ಟೂ ಬಾಳಿಕೆ.

"ಬರೆದುಕೋ" ಎಂದ ಸುಲೈಯಮ್, ಕಹ್ವಾ ಹೀರುತ್ತ,
"ಮನುಷ್ಯ ಮೊದಲು ಬರಲಿ. ಹೆಸರು ಆಮೇಲೆ ಸರಿಹೋಗುತ್ತದೆ."
ಹದಿನಾರು ವರ್ಷದ ಹಿಂದೆ ನನಗೂ ಇದನ್ನೇ ಹೇಳಿದ್ದ.
ನನ್ನ ಕಾರ್ಡಿನಲ್ಲಿ ಇನ್ನೂ ಇದೆ:
ದರ್ಜಿ, ಹೆಂಗಸರ ಉಡುಪು.

ಕಳೆದ ಸಲ ಹೀಗೇ ಆಯ್ದದ್ದು ಬಸಲಿಂಗಪ್ಪ ಹೂಗಾರನನ್ನು.
ಗದಗಿನ ಕಡೆಯವನು, ಗುಡ್ಡದ ನೆತ್ತಿಯಲ್ಲಿ
ಗಾಳಿಯಂತ್ರದ ರೆಕ್ಕೆ ಎತ್ತಿ ನಿಲ್ಲಿಸಿದವನು.
ಫೋನಿನ ಪರದೆಯಲ್ಲಿ ಹಣೆ ತುಂಬ ವಿಭೂತಿ,
ಹಿಂದೆ ಯಾರದೋ ಸ್ಕೂಟರು.
ಕೇಳಿದೆ: ಭಾರ ಮೇಲಿದೆ, ಗಾಳಿ ಜೋರಾಯಿತು, ಏನು ಮಾಡುತ್ತೀರಿ?
"ಇಳಿಸಿಬಿಡತೀನ್ರಿ. ಯಾರ ಬೈದ್ರೂ ಇಳಿಸಿಬಿಡತೀನಿ."
ಅಷ್ಟು ಸಾಕಿತ್ತು. ಹತ್ತಕ್ಕೆ ಒಂಬತ್ತು ಹಾಕಿದೆ.
ಆಮೇಲೆ ವೀಸಾದ ವಿಷಯ ಹೇಳಿದೆ.

ಪರದೆ ಹೆಪ್ಪುಗಟ್ಟಿತು;
ನೆಟ್‌ವರ್ಕೋ, ಅವನೋ, ತಿಳಿಯಲಿಲ್ಲ.
"ನಾವು ಗುಡಿಗೆ ಹೂ ಕೊಡೋ ಮಂದಿ ರೀ, ಸರ..."
ಸ್ವಲ್ಪ ಹೊತ್ತು ಸ್ಕೂಟರು ಮಾತ್ರ ಕಂಡಿತು.
"ಕಾಗದದಾಗ ಅಷ್ಟ, ಹೌದಲ್ರೀ?"
ಹೌದು ಎಂದೆ. ಫಾರ್ಮಿನಲ್ಲಿ
'ಅಭ್ಯರ್ಥಿಯ ಒಪ್ಪಿಗೆ' ಎಂಬಲ್ಲಿ ಗುರುತು ಹಾಕಿದೆ.
ಆ ಗುರುತಿಗೆ ಚೌಕ ಬಹಳ ಸಣ್ಣದಿರುತ್ತದೆ.

ಬಕ್ರೀದಿನ ಬೆಳಿಗ್ಗೆ ಕ್ಯಾಂಪಿಗೆ ಬರಬೇಕಾದ ಕಟುಕ ಬರಲಿಲ್ಲ.
ಕ್ಯಾಂಪ್ ಬಾಸ್ ಜಲಾಲ್ ಮಿಯಾ ರಿಜಿಸ್ಟರು ತಿರುವಿ,
ಬೆರಳಿಟ್ಟು ಕೆಳಗಿಳಿದು,
ಹೆಸರು ಓದಲಿಲ್ಲ, ಹುದ್ದೆ ಓದಿದ;
ಚೂರಿ ಹಿಡಿದು ಹೂಗಾರನ ಬಾಗಿಲು ಬಡಿದ.
ಇಡೀ ಕ್ಯಾಂಪು ನಕ್ಕಿತಂತೆ. ಜಲಾಲನೂ ನಕ್ಕ.
ಕೊನೆಗೆ ಕೊಯ್ದವನು ಕುಮಿಲ್ಲಾದ ವೆಲ್ಡರು,
ಕಾರ್ಡಿನಲ್ಲಿ ತೋಟದ ಮಾಲಿ.
ಅವನು ಸ್ನಾನ ಮಾಡಿ ಬರುವವರೆಗೆ
ಹೂಗಾರ ಹಗ್ಗ ಹಿಡಿದು ನಿಂತಿದ್ದನಂತೆ,
ಆಡಿಗೆ ತನ್ನ ಬಾಟಲಿಯಿಂದ ನೀರು ಕುಡಿಸುತ್ತ.

ಸಂಜೆ ಫೋನು ಬಂತು.
"ಸರ, ಆ ಕಾಲಮ್ಮು ಬದಲಿ ಆಗತೈತೇನ್ರಿ?"
"ಪ್ರಕ್ರಿಯೆಯಲ್ಲಿದೆ" ಎಂದೆ, ಹದಿನಾರು ವರ್ಷದಿಂದ
ಪ್ರಕ್ರಿಯೆಯಲ್ಲಿರುವ ನಾನು.

ಇವತ್ತಿನ ಅರ್ಜಿಗಳಲ್ಲಿ ಒಂದು ಕೈಬರಹದ್ದು,
ಗೆರೆ ಹಾಕಿದ ಹಾಳೆ, ಫೋಟೋ ಹೊಡೆದು ಕಳಿಸಿದ್ದು.
ತಿಪ್ಪೇಶ, ಶಿರಾ ತಾಲ್ಲೂಕು. ಕೆಲಸ: ಕ್ಷೌರ.
ಅನುಭವ ಹನ್ನೊಂದು ವರ್ಷ.
'ಅಳುವ ಮಗುವಿನ ತಲೆಯನ್ನೂ
ಗಾಯ ಮಾಡದೆ ಬೋಳಿಸುತ್ತೇನೆ' ಎಂದು ಬರೆದಿದ್ದಾನೆ,
ಕೆಳಗೆ ಗೆರೆ ಎಳೆದಿದ್ದಾನೆ.

ನನ್ನಲ್ಲಿ ಕ್ಷೌರಿಕನ ವೀಸಾ ಇದೆ.
ಕ್ಷೌರಿಕನ ಕೆಲಸ ಇಲ್ಲ.
ಆ ಕಾಗದದ ಮೇಲೆ ವಿಮಾನ ಹತ್ತಬೇಕಾದವನು ಒಬ್ಬ ರಿಗ್ಗರ್,
ಕತ್ತರಿ ಹಿಡಿದೇ ಗೊತ್ತಿಲ್ಲದವನು.
'ಸದ್ಯ ಹುದ್ದೆ ಖಾಲಿ ಇಲ್ಲ' ಎಂದು ಟೈಪು ಮಾಡಿದೆ.
ಕಳಿಸಿಲ್ಲ ಇನ್ನೂ.

ಅಂಗಿಯ ಮೂರನೆಯ ಗುಂಡಿ ಬೆಳಿಗ್ಗೆಯಿಂದ
ಒಂದೇ ಎಳೆಯಲ್ಲಿ ಜೋಲುತ್ತಿದೆ.
ಸುಲೈಯಮ್ ಅದನ್ನು ನೋಡುತ್ತಾನೆ, ನನ್ನನ್ನು ನೋಡುತ್ತಾನೆ,
"ದರ್ಜೀ" ಎಂದು ಕರೆದು
ನನ್ನ ಲೋಟಕ್ಕೂ ಕಹ್ವಾ ಬಗ್ಗಿಸುತ್ತಾನೆ.