ಕೇಳದೆ ಬಂದ ಜೂಲ್

ಮಾಚೇನಹಳ್ಳಿಯ ಶೆಡ್ಡಿನ ಅಟ್ಟದ ಮೇಲೆ ನನ್ನ ಮೇಜು,
ಕೆಳಗೆ ಲೇತು ಕಿರುಗುಟ್ಟಿದರೆ ಚಹದ ಲೋಟ ನಡುಗುತ್ತದೆ.
ಕಾಲುವೆ ತೂಬಿನ ಗೇಟಿನ ಲೆಕ್ಕ:
ಕೈಯ ಬಲ ನಾನೂರು ನ್ಯೂಟನ್,
ಹಿಡಿಕೆಯ ಉದ್ದ ಅರವತ್ತು ಸೆಂಟಿಮೀಟರ್.
ಗುಣಿಸು ಎಂದೆ.
ಇನ್ನೂರ ನಲವತ್ತು ಎಂದಿತು ತಂತ್ರಾಂಶ,
ಪಕ್ಕದಲ್ಲಿ ಕೇಳದೆಯೇ ಒಂದು ಜೆ ಇಟ್ಟಿತು.
ಜೂಲ್.

ಸಂಖ್ಯೆ ಸರಿಯಿತ್ತು. ಅದೇ ತೊಂದರೆ.
ತಪ್ಪು ಸಂಖ್ಯೆಯನ್ನು ಯಾರಾದರೂ ಹಿಡಿದಾರು;
ಸರಿ ಸಂಖ್ಯೆಗೆ ಒರಗಿ ನಿಂತ ತಪ್ಪು
ಮದುವೆ ಪಂಕ್ತಿಯಲ್ಲಿ ಕೂತ ಅಪರಿಚಿತ:
ಹೆಣ್ಣಿನವರು ಗಂಡಿನ ಕಡೆಯವನೆಂದು,
ಗಂಡಿನವರು ಹೆಣ್ಣಿನ ಕಡೆಯವನೆಂದು
ಬಡಿಸುತ್ತಲೇ ಇರುತ್ತಾರೆ.
ನಾನು ಸಹಿ ಹಾಕಿದೆ, ವಲೇರಿಯನ್ ಸಾರ್ ಸಹಿ ಹಾಕಿದರು.

ಎಂಟು ದಿನಕ್ಕೆ ಹಾಳೆ ವಾಪಸು.
ನೀರಾವರಿ ಕಚೇರಿಯ ಮುಕ್ತಿಯಾರ್ ಸಾಹೇಬರ ಕೆಂಪು ಶಾಯಿ:
'ಎಷ್ಟು ಕೆಲಸವಾಯಿತು ಎಂದು ನಾನು ಕೇಳಿಲ್ಲ.
ಎಷ್ಟು ತಿರುಚಬೇಕು ಎಂದು ಕೇಳಿದ್ದೆ.'

ಪಾಪ, ಯಂತ್ರವನ್ನು ಬೈದು ಫಲವಿಲ್ಲ.
ಅದು ಅಕ್ಷರ ಓದುತ್ತದೆ, ವಾಕ್ಯ ಓದುವುದಿಲ್ಲ.
ಹೊತ್ತು ಎಂದರೆ ವೇಳೆ,
ಹೊತ್ತು ಎಂದರೆ ಹೆಗಲ ಮೇಲೆ ಹೊತ್ತು;
ಬರೆದರೆ ಎರಡೂ ಒಂದೇ,
ಇಳಿಸಿದವನಿಗೆ ಮಾತ್ರ ಬೇರೆ.
ಬಲ ಹೋದ ದಾರಿಯಲ್ಲೇ ಮೀಟರ್ ನಡೆದರೆ ಜೂಲ್,
ಬಲಕ್ಕೆ ಅಡ್ಡವಾಗಿ ಮೀಟರ್ ಚಾಚಿ ನಿಂತರೆ
ನ್ಯೂಟನ್-ಮೀಟರ್.
ಇಷ್ಟು ನನಗೆ ಡಿಪ್ಲೊಮಾದಲ್ಲೇ ಗೊತ್ತಿತ್ತು,
ಪರೀಕ್ಷೆಗೆ ಗೊತ್ತಿರುವ ಹಾಗೆ.

ಅಳತೆಗೆಂದು ಮರುದಿನ ಹೊಳೆಹೊನ್ನೂರಿನ ಬಸ್ಸು ಹತ್ತಿದೆ.
ತೂಬಿನ ಕಟ್ಟೆ ಮೇಲೆ ಸೌಡಿ ಬೂದ್ಯಪ್ಪ,
ಹಿಡಿಕೆಗೆ ನಾಲ್ಕಡಿ ಪೈಪು ಸಿಕ್ಕಿಸಿ
ತುದಿಗೆ ಹೊಟ್ಟೆ ಊರಿ ಜೋತುಬಿದ್ದಿದ್ದ.
ಕುತ್ತಿಗೆಯ ನರ ಉಬ್ಬಿತ್ತು,
ಚಪ್ಪಲಿ ಒಂದು ಕಳಚಿ ಕಾಲುವೆಯಲ್ಲಿ ತೇಲುತ್ತಿತ್ತು.
ಸ್ಕ್ರೂ ಕದಲಲಿಲ್ಲ. ಕೂದಲಷ್ಟೂ.

'ಬೆಳಗ್ಗಿಂದ ಹಿಂಗೇ ಮೇಡಮ್ಮ' ಅಂದ.
ಕಟ್ಟೆ ಮೇಲೆ ಅವನ ರಿಜಿಸ್ಟರು ತೆರೆದಿತ್ತು:
ತಾರೀಖು, ತೂಬು, ಎಷ್ಟು ಸುತ್ತು.
ಕೊನೆಯ ಅಂಕಣದಲ್ಲಿ ಮೂರು ದಿನದಿಂದ ಸೊನ್ನೆ,
ದುಂಡಗೆ, ಒತ್ತಿ ಬರೆದ ಸೊನ್ನೆ.
'ಸುತ್ತು ತಿರುಗಿದ್ರೆ ಕೆಲ್ಸ ಮಾಡ್ದೆ ಅಂತಾರೆ.
ತಿರುಗದಿದ್ರೆ ಮಲಗಿದ್ದೆ ಅಂತಾರೆ.
ಜೋತಾಡಿದ್ದಕ್ಕೆ ಖಾನೆ ಎಲ್ಲೈತೆ?'

ನನ್ನ ಚೀಲದಲ್ಲಿತ್ತು ಖಾನೆ.
ಅಲ್ಲಿ ನಾನೇ ಜೂಲ್ ಹಾಕಿ ಕಳಿಸಿದ್ದೆ.
ಜೂಲಿನ ಪ್ರಕಾರ ಈ ಮನುಷ್ಯ
ಮೂರು ದಿನದಿಂದ ಏನೂ ಮಾಡಿಲ್ಲ.

ಸಂಜೆ ಅಟ್ಟ ಹತ್ತಿ ಕಡತ ತೆರೆದೆ.
ಉತ್ತರದ ಬಾಲದಲ್ಲಿ ಕರ್ಸರ್ ಇಟ್ಟು
ಜೆ ಅಳಿಸಿದೆ,
ಕೈಯಾರೆ ಟೈಪು ಮಾಡಿದೆ: ನ್ಯೂಟನ್, ಚುಕ್ಕಿ, ಮೀಟರ್.
ಹಿಡಿಕೆಯ ಉದ್ದ ಬದಲಿಸಿದರೂ ನಿಂತಿತು.
ಕೆಳಗೆ ಹೊಸ ಸಾಲು ಬರೆದೆ, ಮತ್ತೆ ಜೆ ಬಂತು,
ಮತ್ತೆ ಅಳಿಸಿದೆ.
ಹದಿನೇಳು ಸಾಲು. ಹದಿನೇಳು ಸಲ.
ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸುವ ಗುಂಡಿ
ಇದೆಯಂತೆ ಎಲ್ಲೋ; ಅಂದು ನಾನು ಹುಡುಕಲಿಲ್ಲ.

ಗುರುವಾರ ಫೋನು. ಸೀಮೆಎಣ್ಣೆ ಕುಡಿಸಿ,
ರಾತ್ರಿಯಿಡೀ ನೆನೆಸಿಟ್ಟಿದ್ದನಂತೆ.
'ಕಾಲು ಸುತ್ತು ತಿರುಗ್ತು ಮೇಡಮ್ಮ!'
ಹಿಂದೆ ನೀರು ನುಗ್ಗುವ ಸದ್ದು.
ಬೇಡವೆಂದರೂ ಬೆರಳು ಲೆಕ್ಕ ಹಾಕಿತು,
ಇನ್ನೂರ ನಲವತ್ತನ್ನು ಕಾಲು ಸುತ್ತಿಗೆ ಗುಣಿಸಿದರೆ
ಮುನ್ನೂರ ಎಪ್ಪತ್ತೇಳು.
ಪಕ್ಕದಲ್ಲಿ ಬಂದು ಕೂತಿತು ಜೆ.
ಇರಲಿ ಎಂದೆ.

ಆ ಮೂರು ಸೊನ್ನೆಗಳನ್ನು
ಅವನು ತಿದ್ದಿದ್ದಾನೋ ಇಲ್ಲವೋ, ಕೇಳಬೇಕು.